ಸದ್ದಿಗೂ ಒಂದು ಹಕ್ಕುಂಟೆ?



ಮಧುಗಿರಿಯಲ್ಲೋ ಕೊರಟಗೆರೆಯಲ್ಲೋ ನಿವೇಶನ ಕೊಳ್ಳುವವರು ಚೆಕ್ಕುಬಂದಿ ನೋಡುತ್ತಾರೆ, ಖಾತೆ ನೋಡುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ. ಪಕ್ಕದ ಹಿಟ್ಟಿನ ಗಿರಣಿ ಬೆಳಗ್ಗೆ ಎಷ್ಟು ಗಂಟೆಗೆ ಶುರುವಾಗುತ್ತದೆಂದು ಕೇಳುವವರು ವಿರಳ. ಜೀವಮಾನದ ಉಳಿತಾಯ ಸುರಿದು ಕಟ್ಟಿದ ಮನೆಯಲ್ಲಿ ನಿದ್ರೆಯೇ ಬಾರದಿದ್ದರೆ?

ದಾರಿಯ ಹಕ್ಕು ನಿಮಗೆ ಗೊತ್ತು. ಪಾವಗಡದ ಕಡೆಯ ರೈತನೊಬ್ಬ ನೆರೆಯವನ ಹೊಲದೊಳಗೆ ಇಪ್ಪತ್ತು ವರ್ಷ ಬಹಿರಂಗವಾಗಿ, ತಕರಾರಿಲ್ಲದೆ, ತನ್ನ ಹಕ್ಕೆಂದೇ ಗಾಡಿ ಹೊಡೆದಿದ್ದರೆ 1882ರ ಈಸ್‌ಮೆಂಟ್ ಕಾಯ್ದೆ ಅದನ್ನು ಮನ್ನಿಸುತ್ತದೆ. ಹೊಲ ಕೊಂಡ ಹೊಸಬನೂ ದಾರಿ ಬಿಡಬೇಕು. ಅದೇ ಕಾಯ್ದೆಯ 7ನೇ ಕಲಮು, ಅನ್ಯರ ಸದ್ದು, ಅದುರುವಿಕೆಗಳಿಂದ ಮನೆಯ ಒಡೆಯನ ನೆಮ್ಮದಿ ಅತಿಯಾಗಿ ಕೆಡಬಾರದೆಂದೂ ಹೇಳುತ್ತದೆ. ಹಾಗಾದರೆ ಗಿರಣಿಯವನು, 'ಇಪ್ಪತ್ತು ವರ್ಷದಿಂದ ಸದ್ದು ಮಾಡಿದ್ದೇನೆ, ಇದೂ ನನ್ನ ಹಕ್ಕು' ಎನ್ನಬಹುದೆ?

1879ರಲ್ಲಿ ಲಂಡನ್ನಿನ ಒಂದು ಮೊಕದ್ದಮೆಯಲ್ಲಿ ಇದೇ ವಾದ ಬಂತು. ಮಿಠಾಯಿ ತಯಾರಕನೊಬ್ಬ ಇಪ್ಪತ್ತಕ್ಕೂ ಹೆಚ್ಚು ವರ್ಷ ಒರಳಿನಲ್ಲಿ ಕುಟ್ಟುತ್ತಿದ್ದ. ಪಕ್ಕದ ವೈದ್ಯ ತನ್ನ ತೋಟದ ಕೊನೆಯಲ್ಲಿ ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ ಮೇಲೆಯೇ ಆ ಸದ್ದು ಬಾಧಿಸಿದ್ದು. ವೈದ್ಯನೇ ಸದ್ದಿನ ಬಳಿಗೆ ಬಂದನಲ್ಲವೆ ಎನ್ನುವಿರಿ. ಆ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಆದರೂ ಗೆದ್ದವನು ವೈದ್ಯ. ಸದ್ದು ಯಾರನ್ನೂ ಕಾಡದೆ ಇದ್ದ ವರ್ಷಗಳು ಲೆಕ್ಕಕ್ಕಿಲ್ಲ, ತಡೆಯಲಾಗದವನ ಮೌನ ಒಪ್ಪಿಗೆಯಲ್ಲ ಎಂಬುದು ತೀರ್ಪಿನ ತಿರುಳು. ಸದ್ದಿನ ಹಕ್ಕನ್ನು ಕಾಲಾನುಭೋಗದಿಂದ ಗಳಿಸಲು ಸಾಧ್ಯವೆಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. ಅಷ್ಟೂ ವರ್ಷ ಅದು ಉಪದ್ರವವಾಗಿತ್ತೆಂದು ರುಜುವಾತಾಗಬೇಕು, ಅಷ್ಟೆ.

ಶಿರಾದ ಹೊರಗೆ, ಹೊಲಗಳ ನಡುವಿನ ಗಿರಣಿಯ ಪಕ್ಕ ಬಡಾವಣೆ ಎದ್ದಿತೆನ್ನಿ. ಹೊಲ ಖಾಲಿ ಇದ್ದ ವರ್ಷಗಳನ್ನು ತೋರಿಸಿ ಗೆಲ್ಲುವುದು ಗಿರಣಿಯವನಿಗೆ ಸುಲಭವಲ್ಲ. ಇದಲ್ಲದೆ, 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ಹಳೆಯ ರೂಢಿ ಈ ಮಿತಿಯನ್ನು ಅಳಿಸಲಾರದು.

ಆದರೆ ಕೋರ್ಟಿಗೆ ಹೋಗುವುದು ವರ್ಷಗಳ ಕೆಲಸ. ಮಾರುವವನು ತನಗೆ ತಿಳಿದ ದೋಷವನ್ನು ಹೇಳಬೇಕೆಂದು ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ವಿಧಿಸುತ್ತದೆ, ನಿಜ. ಅದು ಸಾಮಾನ್ಯ ಎಚ್ಚರಿಕೆಗೂ ಕಾಣದ ದೋಷಕ್ಕೆ ಮಾತ್ರ. ಸ್ಥಳಕ್ಕೆ ಹೋದರೆ ಕಿವಿಗೆ ಬೀಳುವ ಸದ್ದನ್ನು ಬಚ್ಚಿಟ್ಟರೆಂದು ದೂರುವುದು ಕಷ್ಟ. ಮನೆಯಲ್ಲಿ ಹಿರಿಯರು ನಿವೇಶನ ನೋಡಲು ಹೊರಟಾಗ ನೀವೂ ಜೊತೆಗೆ ಹೋಗಿ. ಕೆಲಸದ ದಿನ ಒಮ್ಮೆ, ರಾತ್ರಿ ಹತ್ತರ ಮೇಲೆ ಇನ್ನೊಮ್ಮೆ, ಮುಂಗಡ ಕೊಡುವ ಮೊದಲೇ.