ಗೊದೌಲಿಯಾದ ಗೋದಾವರಿ



ಕಾಶಿಯ ಜಂಗಮವಾಡಿ ಮಠಕ್ಕೆ ಹೋಗುವ ನಮ್ಮವರು ಗೊದೌಲಿಯಾ ಚೌಕದಲ್ಲಿ ರಿಕ್ಷಾ ಇಳಿಯುತ್ತಾರೆ. ಆ ನೂಕುನುಗ್ಗಲಿನಲ್ಲಿ ಹೊಳೆಯುವುದಿಲ್ಲ, ಆದರೆ ಗೊದೌಲಿಯಾ ಅಂದರೆ ಗೋದಾವರಿ. ಮಳೆಗಾಲದಲ್ಲಿ ಅಲ್ಲಿ ಆ ಹೆಸರಿನ ತೊರೆಯೇ ಹರಿಯುತ್ತಿತ್ತು. ಊರೊಳಗಿನ ಕೆರೆ, ಕುಂಡಗಳು ತುಂಬಿದರೆ ನೀರು ಇಂಥ ತೊರೆ ಹಿಡಿದು ಗಂಗೆಗೆ ಇಳಿಯುತ್ತಿತ್ತು.

1820ರಲ್ಲಿ ಕಾಶಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಟಂಕಸಾಲೆಗೆ ಬಂದವನು ಜೇಮ್ಸ್ ಪ್ರಿನ್ಸೆಪ್. ಮುಂದೆ ಅಶೋಕನ ಬ್ರಾಹ್ಮಿ ಲಿಪಿ ಓದಿದನಲ್ಲ, ಅವನೇ. ಊರನ್ನು ಅಳೆದು ನಕ್ಷೆ ಬರೆದ, ನೆಲದಡಿ ಸುರಂಗ ಕೊರೆಸಿ ಕೆರೆಗಳ ನೀರನ್ನು ಗಂಗೆಗೆ ಬಸಿದ. ಕಾಶಿಯ ಮೇಲೆ ಅವನಿಗೆ ಪ್ರೀತಿಯಿತ್ತು, ಬರೆದ ಚಿತ್ರಗಳೇ ಹೇಳುತ್ತವೆ. ಆದರೂ ಕುಂಡವೆಂದರೆ ಅವನ ಕಣ್ಣಿಗೆ ರೋಗ ತರುವ ಕೊಳಚೆ. ಅಲ್ಲಿಂದಾಚೆಗೆ ಕೊಳೆಗೆಲ್ಲ ಗಂಗೆಯೇ ದಾರಿ.

ಪ್ರಿನ್ಸೆಪ್ ಮಾಡಿದಂಥ ಕೆಲಸವನ್ನು ಈಗ ‘ಅಭಿವೃದ್ಧಿ’ ಅನ್ನುತ್ತೇವೆ. ಅದು ನಮಗೆ ಹೊಸ ಮಾತಲ್ಲ. ಘಾಟ್‌ನಲ್ಲಿ ಪುರೋಹಿತರು ಹೇಳಿಸುವ ಸಂಕಲ್ಪದಲ್ಲೂ ಅದಿದೆ. ಆದರೆ 1949ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಮಾಡಿದ ಭಾಷಣದ ನಂತರ ಅರ್ಧ ಜಗತ್ತೇ ‘ಹಿಂದುಳಿದದ್ದು’ ಆಯಿತು. 1958ರಲ್ಲಿ ಅದೇ ದೇಶದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ನಮ್ಮ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ತಂಬಿಗೆಯನ್ನು ಬಾಯಿತುಂಬ ಹೊಗಳಿದರು. ತಂಬಿಗೆಯಲ್ಲಿ ಕಂಡ ಜಾಣ್ಮೆಯನ್ನು ಊರಿನ ಮೋರಿಯಲ್ಲಿ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ.

1986ರ ಜೂನ್ 14ರಂದು ಕಾಶಿಯಲ್ಲೇ ರಾಜೀವ್ ಗಾಂಧಿ ನದಿಯನ್ನು ಶುದ್ಧಗೊಳಿಸುವ ಗಂಗಾ ಕ್ರಿಯಾ ಯೋಜನೆಗೆ ಚಾಲನೆ ಕೊಟ್ಟರು. ಬಂದದ್ದು ಹಗಲಿರುಳು ಕರೆಂಟು ಬೇಡುವ ಪಂಪು, ಶುದ್ಧೀಕರಣ ಘಟಕಗಳು. ಕಾಶಿಯಲ್ಲಿ ಕರೆಂಟು! ಅದು ಹೋದಾಗಲೆಲ್ಲ ಪಂಪು ನಿಲ್ಲುತ್ತಿತ್ತು, ಕೊಳಚೆ ನೇರ ನದಿಗೆ.

ಇದನ್ನು ಬಿಡಿಸಿ ಹೇಳಿದವರು ವೀರಭದ್ರ ಮಿಶ್ರ. ಸಂಕಟಮೋಚನ ದೇವಾಲಯದ ಮಹಂತರು, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಲ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಗಂಗೆಯಲ್ಲಿ ಮುಳುಗೆದ್ದು ಪಾಠಕ್ಕೆ ಹೋಗುತ್ತಿದ್ದ ಮನುಷ್ಯ. ಘಾಟ್‌ಗಳ ಉದ್ದಕ್ಕೂ ಕೊಳವೆ ಹಾಕಿ, ಇಳಿಜಾರಿನಲ್ಲೇ ಕೊಳಚೆಯನ್ನು ಊರಾಚೆಗೆ ಒಯ್ದು, ಕೊಳಗಳಲ್ಲಿ ಬಿಸಿಲು ಮತ್ತು ಪಾಚಿಯಿಂದ ತಿಳಿಯಾಗಿಸುವುದು ಅವರ ಯೋಜನೆ. ಜೊತೆಗಿದ್ದವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಆಸ್ವಾಲ್ಡ್. ಹಾಗಾಗಿ ಇದನ್ನು ಸ್ವದೇಶಿ–ವಿದೇಶಿ ಜಗಳ ಅನ್ನಬೇಡಿ; ನಕ್ಷೆ ಬರೆಯುವ ಮುಂಚೆ ಅಲ್ಲಿಯ ನೆಲ, ಬಿಸಿಲು ನೋಡಿದಿರಾ ಅನ್ನುವುದಷ್ಟೇ ಪ್ರಶ್ನೆ.

ಕೆರೆ ಬತ್ತಿಸಿದ ಊರಿಗೆ ಮತ್ತೆ ಕೊಳ ಬೇಕಾಗಿತ್ತು. ಮಿಶ್ರರ ಯೋಜನೆಗೆ ನಗರಪಾಲಿಕೆ ಒಪ್ಪಿತು, ಆದರೆ ಕಡತ ಮುಂದೆ ಸಾಗಲಿಲ್ಲ. 2013ರ ಮಾರ್ಚ್‌ನಲ್ಲಿ ಮಿಶ್ರರು ತೀರಿಕೊಂಡಾಗಲೂ ಆ ಕೊಳಗಳು ಕಾಗದದ ಮೇಲೇ ಇದ್ದವು.