ಕರೆಯದ ಹಬ್ಬಕ್ಕೆ ಹೊರಟವರು

ಪ್ರವಾಸವೆಂಬುದು ಮನೆಯ ಹೊಸಿಲು ದಾಟಿದಾಗ ಆರಂಭವಾಗುತ್ತದೆಂದು ನಾವು ಭಾವಿಸುತ್ತೇವೆ. ನನ್ನ ಅನುಭವದಲ್ಲಿ ಅದು ಊಟದ ಮೇಜಿನ ಮೇಲೆ ಭೂಪಟವನ್ನು ಹರಡಿದಂದೇ ಆರಂಭವಾಗುತ್ತದೆ. ಎಷ್ಟೋ ವೇಳೆ ಅಲ್ಲಿಯೇ ಮುಗಿದೂ ಹೋಗುತ್ತದೆ. ಸ್ಪೇನ್ ದೇಶದ ಭೂಪಟವನ್ನು ನಮ್ಮ ಮನೆಯಲ್ಲಿ ಹೀಗೆ ಹರಡಿ ಮಡಿಸಿಟ್ಟದ್ದು ಅದೆಷ್ಟು ಸಲವೋ! ಮಕ್ಕಳ ಓದು, ಮನೆಯ ಸಾಲ, ಹಿರಿಯರ ಶುಶ್ರೂಷೆ, ಹೀಗೆ ಒಂದಲ್ಲ ಒಂದು ಕಾರಣ. ಈಗ ಆ ಕಾರಣಗಳೆಲ್ಲ ತೀರಿವೆ. ಆದರೆ ನನ್ನ ಹೆಂಡತಿಯ ಮೊಣಕಾಲುಗಳು ಮುಷ್ಕರ ಹೂಡಿವೆ. ಬರುವ ಚಳಿಗಾಲ ತಪ್ಪಿದರೆ ಮತ್ತೊಂದು ಚಳಿಗಾಲವನ್ನು ನಂಬುವ ಧೈರ್ಯ ನಮ್ಮಿಬ್ಬರಿಗೂ ಇಲ್ಲ.

ನಾನು ಮೊದಲು ಹಾಕಿದ ಪಟ್ಟಿಯಲ್ಲಿ ಏಳು ನಗರಗಳಿದ್ದವು. ಆಕೆ ಅದನ್ನು ಓದಿ, "ಇದು ಪ್ರವಾಸವೋ, ರೈಲ್ವೆ ವೇಳಾಪಟ್ಟಿಯೋ?" ಎಂದಳು. ಸ್ವಲ್ಪ ತಡೆದು, "ಅವರ ಹಬ್ಬದಲ್ಲಿ ನಮಗೇನು ಕೆಲಸ? ನಮ್ಮನ್ನು ಕರೆದವರು ಯಾರು?" ಎಂದಳು. ಮೊದಲ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ನಾಲ್ಕು ಊರುಗಳನ್ನು ಹೊಡೆದುಹಾಕಿದೆ. ಎರಡನೆಯದು ಮಾತ್ರ ನನ್ನನ್ನು ಕಾಡಿತು. ಅದಕ್ಕೆ ಉತ್ತರ ಹುಡುಕುತ್ತ ಹೋದಂತೆಯೇ ನಮ್ಮ ಪ್ರವಾಸಕ್ಕೊಂದು ಆಕಾರ ಬಂದಿತು.

ಮೊದಲ ಊರು ಬಾರ್ಸಿಲೋನಾ. ಅಲ್ಲಿನ ಕೆಥೆಡ್ರಲ್ಲಿನ ಮುಂದೆ ಸಂತ ಲೂಸಿಯಳ ಹೆಸರಿನ ಜಾತ್ರೆ 1786ರಷ್ಟು ಹಿಂದಿನದು. ಯೇಸುವಿನ ಜನನದ ದೃಶ್ಯವನ್ನು ಮನೆಯಲ್ಲಿ ಜೋಡಿಸಲು ಬೇಕಾದ ಬೊಂಬೆ, ಪಾಚಿ, ಪುಟ್ಟ ಕೊಟ್ಟಿಗೆಗಳು ಅಲ್ಲಿ ಮಾರಾಟಕ್ಕಿರುತ್ತವೆ. ನವರಾತ್ರಿಯಲ್ಲಿ ಬೊಂಬೆ ಕೂರಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಆ ಪವಿತ್ರ ದೃಶ್ಯದ ಮೂಲೆಯಲ್ಲಿ, ಬಹಿರ್ದೆಸೆಗೆ ಕುಳಿತ ಒಬ್ಬ ರೈತನ ಬೊಂಬೆಯನ್ನೂ ಇಡುವುದು ಕ್ಯಾಟಲೋನಿಯದ ಪದ್ಧತಿ. ನೆಲಕ್ಕೆ ಗೊಬ್ಬರ, ಮನೆಗೆ ಸಮೃದ್ಧಿ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಇಷ್ಟು ಸಲಿಗೆಯಿಂದ ದೇವರೊಡನೆ ಬಾಳುವ ಜನ ಅಪರಿಚಿತರನ್ನು ಗದರಲಾರರೆಂದು ನನ್ನ ನಂಬಿಕೆ. ಡಿಸೆಂಬರ್ 22ರಂದು ದೇಶಕ್ಕೆ ದೇಶವೇ ಲಾಟರಿಗೆ ಕಿವಿಗೊಡುತ್ತದೆ. ಅದು 1812ರಲ್ಲಿ ಕಾದಿಸ್ ನಗರದಲ್ಲಿ ಆರಂಭವಾದದ್ದು. ಈಗ ಮ್ಯಾಡ್ರಿಡ್ಡಿನಲ್ಲಿ ಸಾನ್ ಇಲ್ದೆಫೊನ್ಸೊ ಶಾಲೆಯ ಮಕ್ಕಳು ಸಂಖ್ಯೆಗಳನ್ನೂ ಬಹುಮಾನಗಳನ್ನೂ ರಾಗವಾಗಿ ಹಾಡುತ್ತಾರೆ. ಅದನ್ನು ಯಾವುದಾದರೊಂದು ಕಾಫಿ ಅಂಗಡಿಯಲ್ಲಿ ಕುಳಿತು ಕೇಳುವುದೆಂದು ಬರೆದುಕೊಂಡಿದ್ದೇನೆ. ಭಾಷೆ ತಿಳಿಯದಿದ್ದರೂ ಆಸೆ ತಿಳಿಯುತ್ತದಲ್ಲವೇ?

ಅಲ್ಲಿಂದ ದಕ್ಷಿಣಕ್ಕೆ, ಸೆವಿಲ್ಲೆಗೆ. ಚಳಿಗಾಲದಲ್ಲಿ ಆ ಊರಿನ ಬೀದಿಬೀದಿಗಳಲ್ಲಿ ಕಿತ್ತಳೆ ಮರಗಳು ಹಣ್ಣು ತುಂಬಿ ನಿಂತಿರುತ್ತವೆ. ಕಿತ್ತು ಬಾಯಿಗಿಟ್ಟರೆ ಕಹಿ. ಇಂಗ್ಲಿಷರ ಮಾರ್ಮಲೇಡಿಗೆ ಹೆಸರು ತಂದ ಹಣ್ಣು ಅದೇ. ಸಾನ್ ಲೆಯಾಂದ್ರೋ ಮಠದ ಸನ್ಯಾಸಿನಿಯರು ಮೊಟ್ಟೆಯ ಹಳದಿಯಿಂದ ಮಾಡಿದ ಮಿಠಾಯಿಯನ್ನು, ತಾವು ಮುಖ ತೋರದೆ, ಗೋಡೆಯೊಳಗೆ ತಿರುಗುವ ಮರದ ಪೆಟ್ಟಿಗೆಯ ಮೂಲಕ ಮಾರುತ್ತಾರೆ. ನಮಗೆ ಅದು ನೋಡಲು ಮಾತ್ರ. ಸಸ್ಯಾಹಾರಿಗಳಾದವರು ಇಲ್ಲಿ ಒಂದು ಮಾತನ್ನು ಗಮನಿಸಬೇಕು: ಈ ಋತುವಿನ ಪೊಲ್ವೊರೋನ್, ಮಾಂತೆಕಾದೋ ಎಂಬ ಪುಡಿಯಾಗುವ ಬಿಸ್ಕತ್ತುಗಳನ್ನು ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬಿನಿಂದ ಮಾಡುತ್ತಾರೆ. ಟೊಲೆಡೊದ ಬಾದಾಮಿ ಮಿಠಾಯಿ, ಬೀದಿಯಲ್ಲಿ ಸುಟ್ಟು ಕೊಡುವ ಚೆಸ್ಟ್‌ನಟ್, ಎಣ್ಣೆಯಲ್ಲಿ ಕರಿದು ಬಿಸಿ ಚಾಕೊಲೇಟಿನಲ್ಲಿ ಅದ್ದುವ ಚುರ್ರೋ, ಇವುಗಳಿಂದ ನಮ್ಮ ದಿನ ಸಾಗಬಹುದು.

ಆದರೆ ಡಿಸೆಂಬರ್ 24ರ ರಾತ್ರಿ? ಅಂದು ಸ್ಪೇನಿನ ಹಬ್ಬ ಮನೆಯೊಳಗಿನದು. ಬಹಳಷ್ಟು ಉಪಾಹಾರ ಗೃಹಗಳು ಮುಚ್ಚಿರುತ್ತವೆ, ಬೀದಿ ಬರಿದಾಗುತ್ತದೆ. ಪರಸ್ಥಳದವನು ತಾನು ಪರಸ್ಥಳದವನೆಂದು ಪೂರ್ಣವಾಗಿ ಅರಿಯುವ ರಾತ್ರಿ ಅದು. ಹೆಂಡತಿಯ ಪ್ರಶ್ನೆಯ ಕಾವು ನನಗೆ ತಟ್ಟಿದ್ದು ಇಲ್ಲಿಯೇ. ಮುಚ್ಚಿದ ಬಾಗಿಲನ್ನು ಗೌರವಿಸುವುದೂ ಪ್ರವಾಸಿಯ ಧರ್ಮವೆಂದು ಕೊನೆಗೆ ಒಪ್ಪಿಕೊಂಡೆ. ಒಲೆಯಿರುವ ಕೋಣೆಯೊಂದನ್ನು ಗೊತ್ತುಮಾಡಿ, ಅನ್ನ ಬೇಯಿಸಿ, ಊರಿನಿಂದ ಒಯ್ದ ಪುಳಿಯೋಗರೆ ಗೊಜ್ಜನ್ನು ಕಲಸಿ ಉಣ್ಣುವುದೆಂದು ನಿಶ್ಚಯಿಸಿದ್ದೇವೆ. ಆ ಗೊಜ್ಜಿನ ಒಣಮೆಣಸಿನಕಾಯಿ ಕೂಡ ಅಮೆರಿಕ ಖಂಡದಿಂದ ಐರೋಪ್ಯರ ಹಡಗುಗಳಲ್ಲಿ ಹೊರಟು ನಮ್ಮನ್ನು ಸೇರಿದ ಅತಿಥಿಯೇ.

ಕೊನೆಯ ಊರು ಮ್ಯಾಡ್ರಿಡ್. 31ರ ನಡುರಾತ್ರಿ ಪುಯೆರ್ತಾ ದೆಲ್ ಸೋಲ್ ಚೌಕದ ಗಡಿಯಾರ ಹನ್ನೆರಡು ಹೊಡೆಯುವಾಗ, ಒಂದೊಂದು ಹೊಡೆತಕ್ಕೆ ಒಂದೊಂದು ದ್ರಾಕ್ಷಿ ತಿನ್ನಬೇಕು. ಅಲಿಕಾಂತೆ ಪ್ರಾಂತದ ವಿನಾಲೊಪೊ ಕಣಿವೆಯಲ್ಲಿ ಬೇಸಗೆಯಲ್ಲೇ ಗೊಂಚಲುಗಳಿಗೆ ಕಾಗದದ ಚೀಲ ಕಟ್ಟಿ, ಡಿಸೆಂಬರಿನವರೆಗೂ ಬಳ್ಳಿಯಲ್ಲೇ ಕಾಪಾಡಿದ ಹಣ್ಣು ಅದು. ಚೌಕದ ನೂಕುನುಗ್ಗಲು ನಮ್ಮ ಮೊಣಕಾಲುಗಳಿಗೆ ಹೇಳಿದ್ದಲ್ಲ. ಆದರೆ ಅಲ್ಲಿನ ಎಷ್ಟೋ ಕುಟುಂಬಗಳು ದೂರದರ್ಶನದ ಮುಂದೆ ಕುಳಿತೇ ದ್ರಾಕ್ಷಿ ತಿನ್ನುತ್ತವೆ. ನಾವೂ ಹಾಗೆಯೇ ಮಾಡಬಹುದು. ಇದಕ್ಕೆ ಆಮಂತ್ರಣ ಬೇಡ, ಇಪ್ಪತ್ತನಾಲ್ಕು ದ್ರಾಕ್ಷಿ ಸಾಕು.

ಜನವರಿ 5ರ ಸಂಜೆ ಮೂವರು ಅರಸರ ಮೆರವಣಿಗೆ ಬೀದಿಗಿಳಿಯುತ್ತದೆ; ಮಕ್ಕಳತ್ತ ಮಿಠಾಯಿಯನ್ನು ತೂರುತ್ತ ಸಾಗುತ್ತದೆ. ಆ ರಾತ್ರಿ ಮಕ್ಕಳು ಉಡುಗೊರೆಗಾಗಿ ತಮ್ಮ ಪಾದರಕ್ಷೆಗಳನ್ನು ಇಟ್ಟು, ಅರಸರ ಒಂಟೆಗಳಿಗೆಂದು ನೀರನ್ನೂ ಇಟ್ಟು ಮಲಗುತ್ತಾರೆ. ಮರುದಿನ ಬಳೆಯಾಕಾರದ ರೊಸ್ಕೋನ್ ಎಂಬ ಸಿಹಿ ರೊಟ್ಟಿ. ಅದರೊಳಗೆ ಅಡಗಿಸಿಟ್ಟ ಪುಟ್ಟ ಬೊಂಬೆ ಸಿಕ್ಕವರಿಗೆ ಕಿರೀಟ, ಅವರೆಕಾಳಿನಂತಹ ಕಾಳು ಸಿಕ್ಕವರ ಮೇಲೆ ರೊಟ್ಟಿಯ ಖರ್ಚು.

ಈ ಮೂವರು ಯಾರು? ನಕ್ಷತ್ರವೊಂದನ್ನು ನಂಬಿ, ಯಾರೂ ಕರೆಯದಿದ್ದರೂ ಪೂರ್ವದಿಕ್ಕಿನಿಂದ ಹೊರಟು ಬಂದವರು. ಸ್ಪೇನಿನ ಚಳಿಗಾಲದ ಹಬ್ಬಗಳ ಸಾಲು ಮುಗಿಯುವುದೇ ಇವರ ಸತ್ಕಾರದಿಂದ. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ ಉತ್ತರಿಸಲಿಲ್ಲ. ಎದ್ದು ಹೋಗಿ ಟ್ರಂಕಿನ ತಳದಲ್ಲಿದ್ದ ಉಣ್ಣೆಯ ಶಾಲುಗಳನ್ನು ಬಿಸಿಲಿಗೆ ಹಾಕಿದಳು.