ಟಾರ್ಪೆಡೊಗೂ ಬೆಂಗಳೂರಿಗೂ ಏನು ನಂಟು?

(ಯುವಕರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಟಾರ್ಪೆಡೊ ಎಂದೊಡನೆ ನಿಮಗೇನು ನೆನಪಾಗುತ್ತದೆ? ಜಲಾಂತರ್ಗಾಮಿಯಿಂದ ಚಿಮ್ಮಿ ಹಡಗನ್ನು ಸೀಳುವ ಅಸ್ತ್ರ, ಅಲ್ಲವೇ? ಆದರೆ ಜಗತ್ತಿನ ಸೇನೆಗಳಿಗೆ 'ಬ್ಯಾಂಗಲೋರ್ ಟಾರ್ಪೆಡೊ' ಎಂಬುದೊಂದು ಗೊತ್ತು. ಕಡಲೇ ಇಲ್ಲದ ನಮ್ಮೂರಿಗೆ ಈ ಹೆಸರು ಅಂಟಿದ್ದು ಹೇಗೆ?

ಮೊದಲು ಪದದ ಕಥೆ ಕೇಳಿ. ಟಾರ್ಪೆಡೊ ಮೂಲದಲ್ಲಿ ಒಂದು ಮೀನು. ಮುಟ್ಟಿದರೆ ವಿದ್ಯುತ್ ಹೊಡೆದು ಕೈ ಜೋಮು ಹಿಡಿಯುತ್ತದೆ. ಜೋಮು ಎಂಬರ್ಥದ ಲ್ಯಾಟಿನ್ ಮಾತಿನಿಂದಲೇ ಆ ಹೆಸರು. ಅಮೆರಿಕದ ಅಂತರ್ಯುದ್ಧದಲ್ಲಿ (1861-65) ನೀರಿನಡಿ ಹುದುಗಿಸಿಟ್ಟ ಸಿಡಿಗುಂಡನ್ನು ಟಾರ್ಪೆಡೊ ಎಂದರು. 1866ರಲ್ಲಿ ರಾಬರ್ಟ್ ವೈಟ್‌ಹೆಡ್ ನೀರಿನಲ್ಲಿ ತಾನೇ ಓಡುವ ಅಸ್ತ್ರ ಮಾಡಿದ. ಹೆಸರು ಅದಕ್ಕೂ ದಾಟಿತು. ಎಣ್ಣೆಬಾವಿಯೊಳಗೆ ಬಂಡೆ ಒಡೆಯಲು ಇಳಿಸಿದ ಮದ್ದಿನ ಕೊಳವೆಯೂ ಟಾರ್ಪೆಡೊ. ರೈಲು ಹಳಿಯ ಮೇಲೆ ಸಿಡಿದು ಚಾಲಕನನ್ನು ಎಚ್ಚರಿಸುವ ಪಟಾಕಿಗೂ ಅಮೆರಿಕದಲ್ಲಿ ಅದೇ ಹೆಸರು.

ಇನ್ನು ನಮ್ಮೂರಿಗೆ ಬನ್ನಿ. 1912ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ಪಡೆಯ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಕೊಳವೆಗೆ ಸಿಡಿಮದ್ದು ತುಂಬಿದ. ತುಂಡಿಗೆ ತುಂಡು ಜೋಡಿಸಿ, ಮರೆಯಲ್ಲಿದ್ದುಕೊಂಡೇ ಮುಳ್ಳುತಂತಿಯ ಅಡಿಗೆ ತಳ್ಳಿ ಸಿಡಿಸಿದರೆ ದಾರಿ ತೆರೆಯುತ್ತದೆ. ಎರಡೂ ಮಹಾಯುದ್ಧಗಳಲ್ಲಿ ಇದು ಬಳಕೆಯಾಯಿತು. 1944ರ ಜೂನ್ 6ರಂದು ನಾರ್ಮಂಡಿಯ ದಂಡೆಯಲ್ಲಿ ಅಮೆರಿಕದ ಸೈನಿಕರು ತಂತಿಬೇಲಿ ಒಡೆದದ್ದು 5 ಅಡಿ ಉದ್ದದ ಇಂಥ ಕೊಳವೆಗಳನ್ನು ಜೋಡಿಸಿಯೇ.

ಎದೆ ಉಬ್ಬಿತೇ? ಸ್ವಲ್ಪ ತಡೆಯಿರಿ. ಮಾಡಿದವನು ಬ್ರಿಟಿಷ್ ಅಧಿಕಾರಿ, ಮಾಡಿದ್ದು ಅವರ ಸೇನೆಗಾಗಿ. ಅಲ್ಲಿ ಬೆಂಗಳೂರು ಬರೀ ವಿಳಾಸ. ವಿಳಾಸಕ್ಕೆ ಬೀಗಿದರೆ ಅದು ಸ್ವಾಭಿಮಾನವಾದೀತೇ?

ಕಲಿಯಬೇಕಾದದ್ದು ಬೇರೆಯೇ ಇದೆ. ಹೊಸ ಸಾಧನ ಬಂದಾಗ ಪದವಿಲ್ಲವೆಂದು ಅವರು ಕೈಕಟ್ಟಿ ಕೂರಲಿಲ್ಲ. ಒಂದು ಮೀನಿನ ಹೆಸರನ್ನೇ ದುಡಿಸಿಕೊಂಡರು. ನಾವೋ, ಕನ್ನಡದಲ್ಲಿ ತಾಂತ್ರಿಕ ಪದಗಳಿಲ್ಲ ಎಂದು ಗೊಣಗುತ್ತೇವೆ! 'ಕ್ಷಿಪಣಿ'ಯನ್ನೇ ನೋಡಿ. ಪತ್ರಿಕೆಗಳು ಮತ್ತೆ ಮತ್ತೆ ಬರೆದವು. ಇಂದು ಅದರ ಅರ್ಥವೇನೆಂದು ಯಾರು ಕೇಳುತ್ತಾರೆ?

ಪದಕ್ಕೆ ಜೀವ ಬರುವುದು ಬಳಸುವ ಬಾಯಲ್ಲಿ, ದುಡಿಯುವ ಕೈಯಲ್ಲಿ. ಎಂಜಿನಿಯರಿಂಗ್ ಓದುವವರೇ, ಕಾರ್ಖಾನೆಗಳಲ್ಲಿ ದುಡಿಯುವವರೇ, ಹೊಸದನ್ನು ನೀವು ಮಾಡಿ. ಮಾಡಿದ್ದಕ್ಕೆ ಕನ್ನಡದ ಹೆಸರಿಡಿ. ನಾಲ್ಕು ಜನ ನಕ್ಕರೂ ಬಿಡದೆ ಬಳಸಿ. ಆಗ ಬೆಂಗಳೂರು ವಿಳಾಸವಷ್ಟೇ ಆಗಿ ಉಳಿಯದು. ಆ ವಸ್ತುವಿನ ತವರೂ ಆದೀತು.